ಸುಮ್ಮನೆ ನೋಡುವ ಕೆಲಸ

೧೯೯೯ರ ಅಕ್ಟೋಬರ್ ೧೪, ಗುರುವಾರ. ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಅಮೆರಿಕದ ಸ್ಯಾನ್ ಹೋಸೆ, ಎವರ್‌ಗ್ರೀನ್ ಬಡಾವಣೆ, ನನ್ನ ತಂಗಿಯ ಮಗಳ ಅಡುಗೆಮನೆ. ಹಾಜರಿದ್ದವರು: ನಾನು, ತಂಗಿಯ ಮಗಳು, ಅವಳ ಗಂಡ ಮತ್ತು ನನ್ನ ಬೀಪಿ ಮಾತ್ರೆಯ ಡಬ್ಬಿ.

ಮೂವತ್ತನಾಲ್ಕು ವರ್ಷ ಮಂಡ್ಯದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ದಿನಚರಿ ಬರೆಯುವುದು ಹೀಗೆಯೇ, ಗಂಟೆ ನಿಮಿಷದ ಸಮೇತ. ಇಲ್ಲಿಗೆ ಬಂದು ಮೂರು ತಿಂಗಳಾದರೂ ಒಂದು ದಿನವೂ ತಪ್ಪಿಲ್ಲ.

ಈಗ ಈ ಹುಡುಗಿಯ ವಿಷಯ. ಜನ ಪರದಾಡುವುದನ್ನು ಕೈಕಟ್ಟಿಕೊಂಡು ನೋಡುವುದಕ್ಕೆ ಒಬ್ಬಳಿಗೆ ತಿಂಗಳ ಸಂಬಳ ಕೊಡುತ್ತಾರೆಂದರೆ ನೀವು ನಂಬುತ್ತೀರಾ? ನಾನಂತೂ ನಂಬಿರಲಿಲ್ಲ! ಇಂಜಿನಿಯರುಗಳು ಏನನ್ನಾದರೂ ತಯಾರಿಸುತ್ತಾರೆ. ಇವಳು ಅದನ್ನು ಯಾರದೋ ಮುಂದಿಟ್ಟು, ಅವರು ಎಲ್ಲಿ ಎಡವುತ್ತಾರೆಂದು ಬರೆದುಕೊಳ್ಳುತ್ತಾಳೆ. ಸಹಾಯ ಮಾಡುವಂತಿಲ್ಲ. ಕಣ್ಣಲ್ಲಿ ಕೂಡ ಸನ್ನೆ ಮಾಡುವಂತಿಲ್ಲ. ಇದೇ ಉದ್ಯೋಗ!

ಆಫೀಸಿನಲ್ಲಿ ಮಾಡಿಕೊಳ್ಳಲಿ. ಮನೆಯಲ್ಲೂ ಇದೇ. ಇಲ್ಲಿನ ಮಾತ್ರೆ ಡಬ್ಬಿಯ ಮುಚ್ಚಳವನ್ನು ಮಕ್ಕಳು ತೆಗೆಯಬಾರದೆಂದು ಮಾಡಿದ್ದಾರಂತೆ. ಅರವತ್ತೇಳು ವರ್ಷದವರೂ ತೆಗೆಯಲಾರರು. ಬೆಳಗ್ಗೆ ಒಂದು ಸಲ, ರಾತ್ರಿ ಊಟದ ಮೇಲೆ ಒಂದು ಸಲ ನಾನೂ ಅದೂ ಕುಸ್ತಿಗೆ ಬೀಳುತ್ತೇವೆ. ಇವಳು ಎದುರು ಕುಳಿತು ಪೆನ್ಸಿಲ್ ಹಿಡಿಯುತ್ತಾಳೆ.

“ದೊಡ್ಡಮ್ಮ, ಈಗ ಮನಸ್ಸಲ್ಲಿ ಏನು ಬರ್ತಿದೆ? ಜೋರಾಗಿ ಹೇಳಿ.”

“ನಿನ್ನ ಬೆನ್ನಿಗೊಂದು ಗುದ್ದಬೇಕು ಅಂತ ಬರ್ತಿದೆ ಕಣೇ!”

ಅದನ್ನೂ ಬರೆದುಕೊಂಡಳು.

ಹೋದ ತಿಂಗಳು ಪರಿಚಯದವರ ಗೃಹಪ್ರವೇಶಕ್ಕೆ ಹೋಗಿದ್ದೆವು. ಪಂಕ್ತಿಗೆ ಎಲೆ ಹಾಕಿದರೂ ಇವಳ ಪತ್ತೆಯಿಲ್ಲ. ನೋಡಿದರೆ ಬಚ್ಚಲಮನೆಯ ಬಾಗಿಲ ಪಕ್ಕ ನಿಂತಿದ್ದಾಳೆ. ಮನೆಯ ಯಜಮಾನರು ಪಾಪ, “ಊಟ ಆಯ್ತೇನಮ್ಮಾ?” ಎಂದರೆ, ಇವಳು, “ಅಂಕಲ್, ಇಷ್ಟು ಹೊತ್ತಿಗೆ ಹದಿಮೂರು ಜನ ಲೈಟು ಅಂತ ಫ್ಯಾನ್ ಸ್ವಿಚ್ ಒತ್ತಿದ್ರು!” ಎಂದಳು. ಅವರು ಅವಳನ್ನು ಕರೆತಂದು ಎಲೆಯ ಮುಂದೆ ಕೂರಿಸಿದರು. ಹೋಳಿಗೆ ಬಡಿಸಿದರು.

ಇವಳ ಸಿದ್ಧಾಂತ ಒಂದೇ. ತಪ್ಪು ಮನುಷ್ಯರದ್ದಲ್ಲ, ವಸ್ತುವಿನದು. ಕೆಂಪು ಇಂಕಿನಲ್ಲೇ ಆಯುಷ್ಯ ಕಳೆದ ನನಗೆ ಇದು ಹಿಡಿಸೀತೆ?

“ಅಂದ್ರೆ ನನ್ನ ಹುಡುಗರು ಗಣಿತದಲ್ಲಿ ಫೇಲಾದ್ರೆ ತಪ್ಪು ಗಣಿತದ್ದಾ?”

“ಗಣಿತದ್ದಿರಲಾರದು ದೊಡ್ಡಮ್ಮ. ಪಾಠ ಮಾಡಿದವರನ್ನ ಒಂದು ಮಾತು ಕೇಳ್ಬೇಕು.”

ಅವಳ ಗಂಡ ಕಾಫಿ ಲೋಟದೊಳಗೆ ಮುಖ ಮುಚ್ಚಿಕೊಂಡು ನಕ್ಕ.

ಇವಳ ಕಂಪನಿ ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿದೆ. ಕಂಪ್ಯೂಟರಿನಲ್ಲಿ ಒತ್ತಿದರೆ ಮನೆಬಾಗಿಲಿಗೇ ಗ್ರೋಸರಿ ತಂದುಕೊಡುವ ವೆಬ್‌ಸೈಟು. ಬರುವ ಸೋಮವಾರ ಅದರ ಉದ್ಘಾಟನೆ. ಅದಕ್ಕೆ ಮೊದಲು ಇದೇ ಗುರುವಾರ ಕೊನೆಯ ಪರೀಕ್ಷೆ, ಪರೀಕ್ಷೆಗೆ ಕೂರುವವಳು ನಾನು! ವಯಸ್ಸಾದವರೂ ಬೇಕೆಂದು ಅವಳೇ ಕರೆದಿದ್ದಳು. “ಏನೂ ತಯಾರಿ ಬೇಡ ದೊಡ್ಡಮ್ಮ, ಸುಮ್ನೆ ಬನ್ನಿ.” ತಯಾರಿ ಬೇಡವೆನ್ನುವ ಪರೀಕ್ಷೆ ಯಾವ ಲೋಕದಲ್ಲಿದೆ?

ಭಾನುವಾರ ಅವಳ ಗಂಡ ಮೆಲ್ಲಗೆ ಹೇಳಿದ: “ದೊಡ್ಡಮ್ಮ, ಗುರುವಾರದ ಟೆಸ್ಟಿನ ಮೇಲೆ ಇವಳ ಕೆಲಸ ನಿಂತಿದೆ.”

ಅಷ್ಟು ಸಾಕಾಯಿತು. ಇವಳ ಕೆಲಸ ಉಳಿಯಬೇಕಾದರೆ ನಾನು ಪಾಸಾಗಬೇಕು! ಪ್ರಶ್ನೆಪತ್ರಿಕೆ ಅವಳ ಮೇಜಿನ ಮೇಲೆಯೇ ಬಿದ್ದಿತ್ತು: ಎರಡು ಪೌಂಡ್ ಈರುಳ್ಳಿ, ಶನಿವಾರ ಬೆಳಗ್ಗೆ ತಲುಪಬೇಕು. ವೆಬ್‌ಸೈಟು ಮನೆಯ ಕಂಪ್ಯೂಟರಿನಲ್ಲೂ ತೆರೆಯುತ್ತಿತ್ತು. ಇಬ್ಬರೂ ಆಫೀಸಿಗೆ ಹೊರಟ ಮೇಲೆ, ಸೋಮವಾರ, ಮಂಗಳವಾರ, ಬುಧವಾರ, ಒಂಬತ್ತು ಗಂಟೆಗೆ ಸರಿಯಾಗಿ ಕುಳಿತೆ. ಮೊದಲ ದಿನ ಎರಡೂವರೆ ಗಂಟೆ ಕುಳಿತರೂ ಈರುಳ್ಳಿ ಬರಲಿಲ್ಲ, ಕಣ್ಣೀರು ಮಾತ್ರ ಬಂತು. ಬುಧವಾರ ಗುಟ್ಟು ಸಿಕ್ಕಿತು. ಮೂಲೆಯಲ್ಲಿ ಹೆಸರುಕಾಳಿನಷ್ಟು ದೊಡ್ಡ ಚೀಲದ ಚಿತ್ರವಿದೆ. ಅದನ್ನು ಎರಡು ಸಲ ಒತ್ತಬೇಕು. ಹಾಗೆಂದು ಎಲ್ಲೂ ಬರೆದಿಲ್ಲ! ಹನ್ನೊಂದು ಸಲ ಅಭ್ಯಾಸ ಮಾಡಿದೆ.

“ಮೂರು ದಿನದಿಂದ ಮನೆ ಫೋನು ಎಂಗೇಜು. ಯಾರ ಜೊತೆ ಮಾತಾಡ್ತೀರಿ ದೊಡ್ಡಮ್ಮ?” ಎಂದು ಅವಳ ಗಂಡ ಕೇಳಿದ. ಇಂಟರ್ನೆಟ್ಟೂ ಫೋನೂ ಒಂದೇ ತಂತಿಯಲ್ಲಿರುವುದು ನನಗೇನು ಗೊತ್ತು? ಹಳೆಯ ಸಹೋದ್ಯೋಗಿ ಎಂದೆ.

ಗುರುವಾರ ಹತ್ತು ಗಂಟೆಗೆ ಪರೀಕ್ಷಾ ಕೊಠಡಿ. ಒಂದು ಮೇಜು, ಕಂಪ್ಯೂಟರು, ಗೋಡೆಯಲ್ಲಿ ದೊಡ್ಡ ಕನ್ನಡಿ. ಅದರ ಹಿಂದೆ ಇವಳ ಬಾಸು ಮತ್ತು ಇಂಜಿನಿಯರುಗಳು ಕೂತಿರುತ್ತಾರೆ. ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ. ಎಂಥ ವ್ಯವಸ್ಥೆ! ನಮ್ಮ ಶಾಲೆಯಲ್ಲಿ ಇಂಥದೊಂದು ಇದ್ದಿದ್ದರೆ!

“ಮಾಡ್ತಾ ಮಾಡ್ತಾ ಮಾತಾಡಿ ದೊಡ್ಡಮ್ಮ.”

“ಪರೀಕ್ಷೆಯಲ್ಲಿ ಮಾತಾಡೋದು ನಮ್ಮಲ್ಲಿ ಇಲ್ಲ.”

ನಾಲ್ಕು ನಿಮಿಷ. ಈರುಳ್ಳಿ, ಚೀಲ, ಚೀಲ, ಶನಿವಾರ. ಮುಗಿಯಿತು! ಹೆಮ್ಮೆಯಿಂದ ತಿರುಗಿ ನೋಡಿದೆ. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ‘ನಾಲ್ಕು ನಿಮಿಷ, ತಪ್ಪಿಲ್ಲ’ ಎಂದು ಬರೆದಳು.

ಬಾಸು ಒಳಗೆ ಬಂದ. ಚಡ್ಡಿ ಹಾಕಿಕೊಂಡು ಆಫೀಸಿಗೆ ಬರುವ, ಬಾಗಿಲಿನಷ್ಟು ಎತ್ತರದ ಮನುಷ್ಯ. ನನ್ನ ಕೈ ಕುಲುಕಿ, ಅವಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: “ಆ ಚೀಲ ಯಾರಿಗೂ ತಿಳಿಯುವುದಿಲ್ಲ ಎಂದು ನೀನು ಎರಡು ತಿಂಗಳಿಂದ ವಾದಿಸುತ್ತಿದ್ದೀಯೆ. ನೋಡು, ನಿನ್ನ ಆಂಟಿಗೇ ತಿಳಿಯಿತು! ಇನ್ನು ನಿನ್ನ ವರದಿಯೂ ಬೇಡ, ವರದಿ ಬರೆಯುವ ಹುದ್ದೆಯೂ ಬೇಡ. ನಾಳೆ ಮಾತಾಡೋಣ.”

ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಅವಳ ಕೆಲಸ ಉಳಿಯಬೇಕಾಗಿದ್ದರೆ ನಾನು ಫೇಲಾಗಬೇಕಿತ್ತು! ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಮಕ್ಕಳ ಅಂಗಿಯ ತೋಳಿನಿಂದ ಚೀಟಿ ತೆಗೆದಿಲ್ಲ ನಾನು? ಅವರಲ್ಲಿ ಒಬ್ಬರೂ ತಾವಾಗಿ ಎದ್ದುನಿಂತು ಒಪ್ಪಿಕೊಂಡಿರಲಿಲ್ಲ. ಅದೆಷ್ಟು ಕಷ್ಟವೆಂದು ಆಗ ತಿಳಿಯಿತು. ಆದರೂ ಎದ್ದು ನಿಂತೆ.

“ಸರ್, ಐ ಹ್ಯಾವ್ ಕಾಪೀಡ್.”

ಬಾಸು ನಕ್ಕ. ತಮಾಷೆ ಎಂದುಕೊಂಡ. ನಾನು ಕೈಚೀಲದಿಂದ ದಿನಚರಿ ತೆಗೆದು, ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸುತ್ತ ಓದಿದೆ. ‘ಸೋಮವಾರ, ೯.೧೦: ಈರುಳ್ಳಿ ಆರಿಸಿದೆ. ಏನೂ ಆಗಲಿಲ್ಲ. ೯.೨೫: ಮತ್ತೆ ಆರಿಸಿದೆ. ಈಗ ಈರುಳ್ಳಿ ಎಷ್ಟಾಯಿತೋ ತಿಳಿಯದು. ೧೦.೪೦: ನನಗೆ ವಯಸ್ಸಾಯಿತು. ೧೧.೩೦: ಅತ್ತುಬಿಟ್ಟೆ. ಮಧ್ಯಾಹ್ನದ ಅನ್ನಕ್ಕೆ ಇಟ್ಟೆ.’ ಹೀಗೆಯೇ ಮೂರು ದಿನದ್ದು, ನಿಮಿಷ ನಿಮಿಷದ್ದು.

ಕನ್ನಡಿಯ ಹಿಂದಿನಿಂದ ಇಬ್ಬರು ಇಂಜಿನಿಯರುಗಳೂ ಬಂದು ಬಾಗಿಲಲ್ಲಿ ನಿಂತಿದ್ದರು. ಬಾಸು ‘ನನಗೆ ವಯಸ್ಸಾಯಿತು’ ಎಂಬ ಸಾಲನ್ನು ಇನ್ನೊಮ್ಮೆ ಓದಲು ಹೇಳಿದ. ಓದಿದೆ. ಅವನು ಕುರ್ಚಿಯೆಳೆದು ಕುಳಿತ. ಆಮೇಲೆ ಆ ಪುಟಗಳ ಪ್ರತಿ ಸಿಗುತ್ತದೆಯೇ ಎಂದ.

“ಸಂಜೆಯೊಳಗೆ ಪುಸ್ತಕ ವಾಪಸ್ಸು ಬೇಕು. ಮೂಲೆ ಮಡಚಬಾರದು,” ಎಂದೆ.

ಮೂರು ಗಂಟೆಗೆ ತೀರ್ಮಾನವಾಯಿತು. ಉದ್ಘಾಟನೆ ಒಂದು ವಾರ ಮುಂದಕ್ಕೆ. ಚೀಲ ಹೋಗುತ್ತದೆ, ‘ಇಲ್ಲಿ ಒತ್ತಿ’ ಎಂಬ ದಪ್ಪ ಅಕ್ಷರ ಬರುತ್ತದೆ. ಹುಡುಗಿಯ ಹುದ್ದೆ ಅಲ್ಲೇ ಇರುತ್ತದೆ.

ಮನೆಗೆ ಬಂದೆವು. ಊಟವಾಯಿತು. ಮಾತ್ರೆಯ ಡಬ್ಬಿ ಹಿಡಿದು ಕುಳಿತೆ. ಅವಳು ಎಂದಿನಂತೆ ಎದುರು ಬಂದು ಕುಳಿತಳು. ನಾನೇ ಕೇಳಿದೆ.

“ನಾನು ಮೊದಲೇ ಅಭ್ಯಾಸ ಮಾಡಿದ್ದೆ ಅಂತ ನಿನಗೆ ಗೊತ್ತಾಯ್ತಾ?”

“ಮೊದಲನೇ ನಿಮಿಷಕ್ಕೇ. ನೀವು ಆ ಚೀಲನ ಹುಡುಕಲೇ ಇಲ್ಲ.”

“ಮತ್ತೆ ಬಾಸಿಗೆ ಯಾಕೆ ಹೇಳಲಿಲ್ಲ? ಕೆಲಸ ಹೋಗ್ತಿತ್ತಲ್ಲೇ!”

“ಅಷ್ಟು ಜನರ ಮುಂದೆ ನಮ್ಮ ದೊಡ್ಡಮ್ಮ ತಪ್ಪು ಮಾಡಿದ್ರು ಅಂತ ನಾನು ಹೇಗೆ ಹೇಳ್ಲಿ?”

ನನ್ನ ಬೆರಳು ಮುಚ್ಚಳದ ಮೇಲೆ ಜಾರುತ್ತಿತ್ತು. ಆಗ ಗಮನಿಸಿದೆ, ಅವಳ ಕೈಯಲ್ಲಿ ಪೆನ್ಸಿಲ್ ಇರಲಿಲ್ಲ. ಕೈಚಾಚಿ ಡಬ್ಬಿ ತೆಗೆದುಕೊಂಡಳು. ಒತ್ತಿ ತಿರುಗಿಸಿದಳು. ಒಂದು ಮಾತ್ರೆಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ, ಹಾಗೆಯೇ ಸ್ವಲ್ಪ ಹೊತ್ತು ಹಿಡಿದುಕೊಂಡಳು.

ರಾತ್ರಿ ಎಂಟೂವರೆ: ಮಾತ್ರೆ ನುಂಗಿದ್ದಾಯಿತು.