ನನ್ನ ಜೊತೆ ಚೀನೀ ಮಾತಾಡುವವರು

ರಾಯಚೂರಿನಲ್ಲಿ ಚೀನೀ ಭಾಷೆ ಕಲಿಸುವವನಿಗೆ ನಗೆಯ ಪ್ರಸಂಗಗಳಿಗೇನೂ ಬರವಿಲ್ಲ, ಬರವಿರುವುದು ಮಾತಿಗೆ. ಕಲಿತ ಭಾಷೆಯಲ್ಲಿ ಯಾರಾದರೂ ಮಾತಾಡಿಸಲಿ ಎಂದು ಕಾದು ಕಾದು ಕಿವಿ ಸೋತಿವೆ.

೧. ಒಂದೇ ಕುರ್ಚಿ

ವಿಶ್ವವಿದ್ಯಾಲಯದಲ್ಲಿ ಪ್ರವೇಶ ನಡೆದಿತ್ತು. ದೇವದುರ್ಗದ ಯಜಮಾನರೊಬ್ಬರು ಮಗಳನ್ನು ಕರೆತಂದರು.

"ಸರ್, ಇದು ಕಲಿತ್ರ ನೌಕ್ರಿ ಎಲ್ಲಿ ಸಿಗ್ತದರೀ?"

ಕಂಪನಿ, ಅನುವಾದ, ವ್ಯಾಪಾರ ಎಂದು ಒಂದೇ ಉಸಿರಿಗೆ ಹೇಳಿದೆ.

"ಅದಿರ್ಲಿ. ನೀವು ಕಲಿತೀರಲ್ಲ, ನಿಮಗ ಎಲ್ಲಿ ಸಿಕ್ತು?"

"ಇಲ್ಲೇ."

"ಇಲ್ಲಿರೋದು ಒಂದ ಕುರ್ಚಿ. ಅದರಾಗ ನೀವ ಕುಂತೀರಿ" ಎಂದವರು ಮಗಳನ್ನು ಬಿ.ಕಾಂ.ಗೆ ಸೇರಿಸಿದರು.

ನನಗೆ ಉಳಿದದ್ದು ಪೋತ್ನಾಳದ ಒಬ್ಬಳೇ ವಿದ್ಯಾರ್ಥಿನಿ. "ನೌಕ್ರಿ ಸಿಗಲಿಲ್ಲಂದ್ರ ನಾನೂ ಬಿಡ್ತೀನಿ ಸರ್" ಎಂದು ಅವಳೂ ಆಗಾಗ ಹೆದರಿಸುತ್ತಿದ್ದಳು.

೨. ಒಳ್ಳೆಯ ದೆವ್ವ

ಸಂಜೆ ಬಾಡಿಗೆ ಕೋಣೆಯಲ್ಲಿ ನಾನೇ ಚೀನೀಯಲ್ಲಿ ಕೇಳಿ, ನಾನೇ ಉತ್ತರಿಸುತ್ತೇನೆ. ಭಾಷೆ ತುಕ್ಕು ಹಿಡಿಯಬಾರದಲ್ಲ! ಇದು ಕಿವಿಗೆ ಬಿದ್ದು, ಮನೆಯ ಮಾಲೀಕಳಾದ ಅಜ್ಜಿ ಮಠದಿಂದ ವಿಭೂತಿ ತಂದು ನನ್ನ ಹಣೆಗೆ ಬಳಿದಳು.

"ನಿಮ್ಮ ಮೈಯಾಗಿಂದು ಏನು ಕೇಳ್ತದರೀ ಅದು?"

"ಊಟ ಆತೇನು ಅಂತ ಕೇಳ್ತದ, ಯವ್ವಾ."

ಅಜ್ಜಿ ಉಳಿದ ವಿಭೂತಿಯನ್ನು ಸೆರಗಿಗೆ ಕಟ್ಟಿಕೊಂಡಳು. "ಇರ್ಲಿ ಬಿಡ್ರಿ, ಒಳ್ಳೇ ದೆವ್ವ ಅದ. ನನ್ನ ಸೊಸಿ ಅಷ್ಟೂ ಕೇಳಂಗಿಲ್ಲ."

೩. ವಿಭೂತಿ ಹಚ್ಚಿಕೊಂಡ ಯಂತ್ರ

ಆಯುಧಪೂಜೆಯ ಮರುದಿನ ಮಾನ್ವಿಯ ಅಕ್ಕಿ ಗಿರಣಿಯಿಂದ ಫೋನು ಬಂತು. ಕಪ್ಪು ಕಾಳು ಬೇರ್ಪಡಿಸುವ ಚೀನಾದ ಹೊಸ ಯಂತ್ರ ಒಳ್ಳೆಯ ಅಕ್ಕಿಯನ್ನೆಲ್ಲ ಹೊರಗೆ ತೂರಿ, ಏನೋ ಒದರುತ್ತಿದೆಯಂತೆ. ಶಿಷ್ಯೆಯನ್ನು ಕರೆದುಕೊಂಡು ಓಡಿದೆ.

ನೋಡಿದರೆ, ಕಾಳು ನೋಡುವ ಗಾಜಿಗೇ ಮಾಲೀಕರು ಮೂರು ಬೆರಳಿನ ವಿಭೂತಿ ಎಳೆದು ಕುಂಕುಮ ಇಟ್ಟಿದ್ದಾರೆ! "ಗಾಜು ಒರೆಸಿ, ದಯವಿಟ್ಟು ಒರೆಸಿ" ಎಂದು ಯಂತ್ರ ಚೀನೀಯಲ್ಲಿ ಅಂಗಲಾಚುತ್ತಿತ್ತು. ನನ್ನ ಕಣ್ಣು ತುಂಬಿದವು. ರಾಯಚೂರಿಗೆ ಬಂದ ಮೇಲೆ ನನ್ನನ್ನು ಚೀನೀಯಲ್ಲಿ ತಾನಾಗಿ ಮಾತಾಡಿಸಿದ್ದು ಇದೊಂದೇ. "ಆಯ್ತು, ಒರೆಸುತ್ತೇವೆ" ಎಂದು ನಾನೂ ಚೀನೀಯಲ್ಲೇ ಉತ್ತರಿಸಿದೆ.

ಅಷ್ಟರಲ್ಲಿ ಶಿಷ್ಯೆ ಗಾಜು ಒರೆಸಿಬಿಟ್ಟಳು, ಯಂತ್ರ ಬಾಯಿ ಮುಚ್ಚಿತು. ಯಂತ್ರದ ಮಾತು ತಿಳಿದವಳು ಬೇಕೆಂದು ಮಾಲೀಕರು ಅಲ್ಲೇ ಅವಳಿಗೆ ನೌಕರಿ ಕೊಟ್ಟರು. ನೌಕರಿ ಸಿಗದಿದ್ದರೆ ಬಿಡುತ್ತೇನೆ ಎನ್ನುತ್ತಿದ್ದವಳು, ಸಿಕ್ಕಿತೆಂದು ಬಿಟ್ಟಳು. ಖುಷಿಯೇನೋ ಆಯಿತು, ಆದರೆ ನಾಳೆಯಿಂದ ನನ್ನ ತರಗತಿ ಖಾಲಿ.

"ಇನ್ನ ನನ್ನ ಜೋಡಿ ಚೀನೀ ಮಾತಾಡೋರು ಯಾರ್ರೀ?" ಎಂದೆ.

ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಚಿಂತಿ ಯಾಕ್ರೀ ಸರ್? ಬ್ಯಾಸರಾದಾಗ ಬಂದುಬಿಡ್ರಿ. ಗಾಜಿಗೆ ಒಂಚೂರು ವಿಭೂತಿ ಹಚ್ಚಿಕೊಡ್ತೀನಿ."