ವ್ಯಾನು, ಅತ್ತೆ ಮತ್ತು ಎರಡು ಚೊಂಬು ನೀರು

ಬೇರೆಯವರ ಮನೆಯಲ್ಲಿ ನಗುವಂಥದ್ದು ವರ್ಷಕ್ಕೊಮ್ಮೆ ನಡೆದರೆ ಹೆಚ್ಚು. ನಮ್ಮ ಮನೆ ಮುಂದೆ ಆ ವ್ಯಾನು ಬಂದು ನಿಂತ ಮೇಲೆ ನಮಗೆ ವಾರಕ್ಕೊಂದು ಕಟ್ಟಿಟ್ಟ ಬುತ್ತಿ. ನಗುವವರು ಮಾತ್ರ ಅಕ್ಕಪಕ್ಕದವರು.

ವ್ಯಾನು ನಮ್ಮ ಯಜಮಾನರದು. ಮೂವತ್ತು ವರ್ಷ ಕಿಟಕಿಯೇ ಇಲ್ಲದ ಆಫೀಸು ಕೋಣೆಯಲ್ಲಿ ಕೂತು ನಿವೃತ್ತರಾದರು. ಬೀಳ್ಕೊಡುಗೆಯ ಹಾರ ಒಣಗುವ ಮೊದಲೇ ಹಳೇ ವ್ಯಾನೊಂದನ್ನು ತಂದು, ಹಿಂದಿನ ಸೀಟು ಕೀಳಿಸಿ, ಹಲಗೆ ಮಂಚ, ನಲವತ್ತು ಲೀಟರಿನ ನೀರಿನ ಟ್ಯಾಂಕು, ನೆತ್ತಿಯ ಮೇಲೊಂದು ಮಡಚುವ ಡೇರೆ ಹಾಕಿಸಿದರು. "ಇನ್ಮೇಲೆ ಹೋಟ್ಲಿಲ್ಲ, ಲಾಡ್ಜಿಲ್ಲ ಕಣೇ. ಎಲ್ಲಿ ನಿಲ್ಲಿಸ್ತೀವೋ ಅದೇ ಮನೆ" ಅಂದರು. ಜಯನಗರದಲ್ಲಿ ಸ್ವಂತ ಮನೆ ಇಟ್ಟುಕೊಂಡವರು ಆಡುವ ಮಾತೇ ಇದು ಅಂತ ಬಾಯಿಯವರೆಗೂ ಬಂತು. ಆದರೆ ಅವರ ಮುಖದಲ್ಲಿ ಅಷ್ಟೊಂದು ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ.

ಪೆಂಡಾಲು

ಮೊದಲ ಭಾನುವಾರ ಬೆಳಗ್ಗೆ ಮನೆ ಮುಂದಿನ ರಸ್ತೆಯಲ್ಲೇ ಡೇರೆಯ ಪರೀಕ್ಷೆ ನಡೆಯಿತು. ಹತ್ತು ನಿಮಿಷದಲ್ಲಿ ಬಿಚ್ಚಬಹುದು ಅಂತ ವಿಡಿಯೋದಲ್ಲಿ ಹೇಳಿದ್ದರಂತೆ. ಅದು ನಿಜ. ಹತ್ತೇ ನಿಮಿಷದಲ್ಲಿ ಬಿಚ್ಚಿಕೊಂಡಿತು. ಮುಚ್ಚುವುದಕ್ಕೆ ಎಷ್ಟು ಹೊತ್ತು ಬೇಕು ಅನ್ನುವ ವಿಡಿಯೋ ಯಾರೂ ಮಾಡಿರಲಿಲ್ಲ.

ಪಾರ್ಕಿಗೆ ವಾಕಿಂಗ್ ಹೊರಟವರೆಲ್ಲ ನಿಂತರು. ಒಬ್ಬರು "ಏನ್ ಫಂಕ್ಷನ್ ಮೇಡಂ, ನಾಮಕರಣಾನಾ?" ಅಂತ ಕೇಳಿದರು. ನಮ್ಮ ರಸ್ತೆಯಲ್ಲಿ ಮೂವರು ರಿಟೈರ್ಡ್ ಇಂಜಿನಿಯರುಗಳಿದ್ದಾರೆ. ಮೂವರೂ ಒಬ್ಬೊಬ್ಬರಾಗಿ ಮೂರು ರೀತಿಯಲ್ಲಿ ಮಡಚಿದರು. ಮೂರು ಸಲವೂ ಎಲ್ಲೋ ಒಂದು ಕಡೆ ಡುಬ್ಬ ಬಂತು. ಯಾವ ಚೀಲದಲ್ಲಿ ಡೇರೆ ಬಂದಿತ್ತೋ ಆ ಚೀಲಕ್ಕೆ ಅದರ ಅರ್ಧವೂ ಹೋಗಲಿಲ್ಲ.

ಅಷ್ಟರಲ್ಲಿ ಹೂ ಕೀಳಲು ಬಂದಿದ್ದ ನಮ್ಮತ್ತೆ ಗೇಟಿನೊಳಗೆ ನಿಂತು ನೋಡುತ್ತಿದ್ದರು. ಅವರಿಗೆ ಎಪ್ಪತ್ತೆಂಟು. ಬೆಳಗಿನ ಹೊತ್ತು ಅವರು ಮಡಿ. ಅಂದರೆ ಸ್ನಾನ ಮಾಡಿ, ಒಗೆದು ಒಣಗಿಸಿದ ಮೇಲೆ ಯಾರೂ ಮುಟ್ಟದ ಸೀರೆ ಉಟ್ಟು, ಪೂಜೆ ಅಡಿಗೆ ಮುಗಿಯುವವರೆಗೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಸ್ವಂತ ಮಗನಿಗೂ ರಿಯಾಯಿತಿ ಇಲ್ಲ.

"ಲೋ, ಅದೇನು ಕುಸ್ತಿ ಮಾಡ್ತಿದೀಯ? ಒಂಬತ್ತು ಗಜದ ಸೀರೆ ಅಂದ್ಕೋ. ಮೊದ್ಲು ಅಂಚಿಗೆ ಅಂಚು ಸೇರ್ಸು. ಗಾಳಿ ಹೊರಗೆ ಹೋಗ್ಲಿ. ಹ್ಞೂಂ, ಈಗ ಆ ಕಡೆಯಿಂದ ಸುತ್ಕೊಂಡು ಬಾ" ಅಂತ ಗೇಟಿನೊಳಗಿಂದಲೇ ಹೇಳಿದರು. ಡೇರೆ ಐದು ನಿಮಿಷದಲ್ಲಿ ಚೀಲ ಸೇರಿತು. ಅತ್ತೆ ಒಂದು ಬೆರಳೂ ತಾಗಿಸಲಿಲ್ಲ. ಅವರು ಎಂಥವರು ಅಂತ ಆವತ್ತೇ ನನಗೆ ಸುಳಿವು ಸಿಗಬೇಕಿತ್ತು, ಸಿಗಲಿಲ್ಲ. ಗುಂಪಿನಲ್ಲಿದ್ದ ಒಬ್ಬರಿಗೆ ಮಾತ್ರ ಸಿಕ್ಕಿತು. "ಅಮ್ಮಾ, ಕತ್ರಿಗುಪ್ಪೇಲಿ ನಮ್ಮನೆ ಗೃಹಪ್ರವೇಶ ಇದೆ. ಪೆಂಡಾಲ್ ಎಷ್ಟಕ್ಕೆ ಹಾಕ್ಕೊಡ್ತೀರಾ?" ಅಂತ ಅವರು ಕೇಳಿದರು.

ಸಿಗ್ನಲ್ಲಿನಲ್ಲಿ ಸಿಕ್ಕ ಮರ್ಯಾದೆ

ಈ ಬಗೆಯ ಪ್ರವಾಸದಲ್ಲಿ ಯಾರೂ ಫೋಟೋ ತೆಗೆದು ಹಾಕದ ಒಂದು ವಿಷಯವಿದೆ. ಅದಕ್ಕೆಂದೇ ನಮ್ಮವರು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬವೊಂದನ್ನು ತರಿಸಿದ್ದರು. ಕುರ್ಚಿಯ ಹಾಗೆ ಕೂರಬಹುದು, ಬೇಕಾದ ಕಡೆ ಹೊತ್ತು ಒಯ್ಯಬಹುದು. ಒಂದೇ ಕಷ್ಟ ಅಂದರೆ ಅದರಲ್ಲಿ ಬಿದ್ದದ್ದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಕಂಡಲ್ಲಿ ಚೆಲ್ಲಬಾರದು, ಮನೆಗೇ ತಂದು ಸುರಿಯಬೇಕು ಅನ್ನುವುದು ನಮ್ಮವರ ನಿಯಮ. ನಿಯಮ ಒಳ್ಳೆಯದೇ. ಆದರೆ ಅದರ ಜೊತೆ ಮೂರು ಗಂಟೆ ಒಂದೇ ಗಾಡಿಯಲ್ಲಿ ಕೂತು ಬಂದವಳು ನಾನು.

ಮೊದಲ ಪ್ರವಾಸದಿಂದ ವಾಪಸು ಬರುವಾಗ ಬನಶಂಕರಿ ಹತ್ತಿರ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಹಿಂದಿನ ಬಾಗಿಲು ತೆಗೆಸಿದರು. ಹಾಸಿಗೆ ನೋಡಿದರು, ಒಲೆ ನೋಡಿದರು. ಕೊನೆಗೆ ಹಗ್ಗ ಹಾಕಿ ಭದ್ರವಾಗಿ ಕಟ್ಟಿದ್ದ ಡಬ್ಬದ ಮೇಲೆ ಕಣ್ಣು ಬಿತ್ತು.

"ಇದ್ರಲ್ಲೇನಿದೆ?"

"ಏನಿಲ್ಲ ಸಾರ್, ಸ್ವಂತದ್ದು."

"ಎಲ್ರೂ ಹಂಗೇ ಹೇಳೋದು. ತೆಗೀರಿ."

"ಬೇಡಿ ಸಾರ್, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಆ ಮಾತು ಹೇಳಬಾರದಿತ್ತು. ಅವರ ಅನುಮಾನ ಗಟ್ಟಿಯಾಗಿ ತಾವೇ ಮುಚ್ಚಳ ಎತ್ತಿದರು. ಎತ್ತಿದಷ್ಟೇ ಬೇಗ ಮುಚ್ಚಿದರು. ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ ಬಾಯಿಗೆ ಕರ್ಚೀಫು ಹಿಡಿದು, ಸೀಟಿ ಊದುವ ಗೋಜಿಗೂ ಹೋಗದೆ, ರಸ್ತೆಯ ನಡುವೆ ಓಡಿ ಎರಡು ಕೈಯಲ್ಲೂ ಬಸ್ಸು, ಆಟೋ, ಸ್ಕೂಟರು ಎಲ್ಲವನ್ನೂ ನಿಲ್ಲಿಸಿ "ಹೋಗಿ ಸಾರ್, ಮೊದ್ಲು ನೀವು ಹೋಗಿ!" ಅಂದರು. ಮೂವತ್ತು ವರ್ಷದಿಂದ ಆ ಸಿಗ್ನಲ್ಲು ದಾಟುತ್ತಿದ್ದೇನೆ. ಮಂತ್ರಿಗಳಿಗೆ ಸಿಗುವ ಮರ್ಯಾದೆ ನಮಗೆ ಸಿಕ್ಕಿದ್ದು ಅದೊಂದೇ ದಿನ.

ಒಪ್ಪಂದ

ಮನೆಗೆ ಬಂದವಳೇ ತಲೆಗೆ ನೀರು ಹಾಕಿಕೊಂಡು "ಗಾಡಿ ಮಾರಿ" ಅಂದೆ. ಜೆ.ಪಿ. ನಗರದಲ್ಲಿರುವ ನನ್ನ ತಮ್ಮನಿಗೆ ಆ ವ್ಯಾನಿನ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಅವನಿಗೆ ಫೋನೂ ಮಾಡಿದೆ.

ಯಜಮಾನರು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ವ್ಯಾನಿನ ಕನ್ನಡಿ ಒರೆಸುತ್ತಾ ನಿಂತರು. ಮುಖ ಮತ್ತೆ ಆಫೀಸಿಗೆ ಹೋಗುತ್ತಿದ್ದ ಕಾಲದ ಮುಖವಾಗಿತ್ತು. ಅದನ್ನು ನೋಡಿ ನನಗೇ ಕೆಡುಕೆನಿಸಿ ಒಂದು ಉಪಾಯ ಹೂಡಿದೆ. "ಆಯ್ತು, ಇನ್ನೊಂದೇ ಸಲ ಹೋಗೋಣ. ನಿಮ್ಮಮ್ಮನ್ನೂ ಕರ್ಕೊಂಡು ಹೋಗೋಣ. ಅವ್ರು ಗಾಡಿ ಇರ್ಲಿ ಅಂದ್ರೆ ಇರ್ಲಿ. ಬೇಡ ಅಂದ್ರೆ ಮಾರೋಣ."

ಉಪಾಯ ಏನು ಅಂತ ನಿಮಗೆ ಗೊತ್ತಾಗಿರಬೇಕು. ಮನೆಯ ನಲ್ಲಿಯನ್ನೇ ಮೂರು ಸಲ ತೊಳೆದು ನೀರು ಹಿಡಿಯುವ ಅತ್ತೆ ಆ ಧೂಳು, ಆ ಡಬ್ಬ, ಆ ಇರುವೆಗಳ ಮಧ್ಯೆ ಅರ್ಧ ದಿನವೂ ನಿಲ್ಲುವುದಿಲ್ಲ. ಕೆಟ್ಟ ಹೆಸರು ಅವರಿಗೆ, ನೆಮ್ಮದಿ ನನಗೆ. ಯಜಮಾನರಿಗೂ ಅದು ಗೊತ್ತಿತ್ತು. ಆದರೂ ಒಪ್ಪಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತಾರಲ್ಲ, ಹಾಗೆ.

ಅತ್ತೆ ಮಾತ್ರ ಒಂದೇ ಮಾತು ಕೇಳಿದರು. "ಎಷ್ಟು ಹೊತ್ತಿಗೆ ಹೊರಡ್ಬೇಕು?" ಹೊರಡುವಾಗ ನೋಡಿದರೆ ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ಬಿಂದಿಗೆಯೊಂದು ನಮಗಿಂತ ಮೊದಲೇ ವ್ಯಾನು ಹತ್ತಿ ಕೂತಿತ್ತು.

ನೊರೆ

ಕನಕಪುರ ರಸ್ತೆಯಲ್ಲಿ ಮುಂದೆ ಹೋದರೆ ಪರಿಚಯದವರ ಒಂದು ಮಾವಿನ ತೋಪಿದೆ. ಅಲ್ಲಿ ಎರಡು ದಿನ ಇರಬೇಕು ಅಂತ ಮಾತಾಗಿತ್ತು. ಹೋದ ಮರುದಿನ ಬೆಳಗ್ಗೆ ಯಜಮಾನರು ತಾವೇ ಕೂರಿಸಿದ್ದ ಬ್ಯಾಟರಿ ಷವರಿನ ಪ್ರದರ್ಶನ ಶುರು ಮಾಡಿದರು. ಒಂದು ಗುಂಡಿ ಒತ್ತಿದರೆ ಟ್ಯಾಂಕಿನ ನೀರು ಮಳೆಯ ಹಾಗೆ ಸುರಿಯುತ್ತದೆ. ಇನ್ನೊಂದು ಸಲ ಒತ್ತಿದರೆ ನಿಲ್ಲಬೇಕು. ನಿಲ್ಲಲಿಲ್ಲ. ಗುಂಡಿಯ ಜೊತೆ ಅವರು ಜಗಳವಾಡಿ ಮುಗಿಸುವಷ್ಟರಲ್ಲಿ ನಲವತ್ತು ಲೀಟರೂ ಮಾವಿನ ಬುಡಕ್ಕೆ ಹೋಗಿ, ಅರವತ್ತು ವರ್ಷದ ಮನುಷ್ಯ ಅಡಿಯಿಂದ ಮುಡಿಯವರೆಗೆ ಸೋಪಿನ ನೊರೆಯಲ್ಲಿ ನಿಂತಿದ್ದರು. ಕಣ್ಣು ಬಿಡುವ ಹಾಗಿಲ್ಲ.

ನನಗೆ ಒಳಗೊಳಗೇ ಹಬ್ಬ. ನೀರಿಲ್ಲ ಅಂದ ಮೇಲೆ ಅತ್ತೆಗೆ ಸ್ನಾನವಿಲ್ಲ. ಸ್ನಾನವಿಲ್ಲ ಅಂದರೆ ಮಡಿಯಿಲ್ಲ, ಪೂಜೆಯಿಲ್ಲ, ಊಟವಿಲ್ಲ. ಮಧ್ಯಾಹ್ನದೊಳಗೆ ಜಯನಗರ!

ಆದರೆ ಅತ್ತೆಯ ಸ್ನಾನ ಬೆಳಗ್ಗೆಯೇ ಆಗಿಹೋಗಿತ್ತು. ಎರಡು ಮರದ ನಡುವೆ ಹಳೇ ಸೀರೆ ಕಟ್ಟಿಕೊಂಡು ಬಿಂದಿಗೆಯಿಂದ ಎರಡೇ ಎರಡು ಚೊಂಬು ನೀರು ತೆಗೆದುಕೊಂಡಿದ್ದರು. ಒಂದರಲ್ಲಿ ಮೈ ತೊಳೆದುಕೊಂಡು, ಇನ್ನೊಂದನ್ನು ನೆತ್ತಿಯಿಂದ ಸುರಿದುಕೊಂಡು, ಡೇರೆಯ ಕೋಲಿನಿಂದ ಒದ್ದೆ ಸೀರೆಯನ್ನು ಕೊಂಬೆಗೆ ಹರವಿ, ಜಪಕ್ಕೆ ಕೂತಿದ್ದರು. ಮನೆಯಲ್ಲಿ ನಾನು ಹಲ್ಲುಜ್ಜುವುದಕ್ಕೇ ಎರಡು ಚೊಂಬು ಖರ್ಚು ಮಾಡುತ್ತೇನೆ.

ಮಗನ ಅವಸ್ಥೆ ನೋಡಿ ಅತ್ತೆ ಎದ್ದು ಬಂದರು. "ಬಗ್ಗೋ" ಅಂದರು. ಯಜಮಾನರು ಬಗ್ಗಿದರು. ಮುಟ್ಟದೆ, ಒಂದು ಮೊಳ ದೂರದಿಂದ, ಒಂದೇ ಚೊಂಬಿನಲ್ಲಿ ತಲೆಯಿಂದ ಕಾಲಿನವರೆಗೆ ನೊರೆಯೆಲ್ಲ ಇಳಿಸಿದರು. ಕಡೆಯ ಹನಿಗೂ ಅದು ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದ ಹಾಗಿತ್ತು. ಯಜಮಾನರು ಕಣ್ಣು ಒರೆಸಿಕೊಂಡು "ಇನ್ನೊಂದು ಚೊಂಬು ಹಾಕಮ್ಮ" ಅಂದರು. "ಮದುವೆಗೆ ಹೋಗ್ಬೇಕೇನೋ? ಸಾಕು" ಅಂದರು ಅತ್ತೆ.

ಎಷ್ಟು ವರ್ಷದಿಂದ?

ತೋಪಿನ ಇನ್ನೊಂದು ಮೂಲೆಯಲ್ಲಿ ಬಿ.ಟಿ.ಎಂ. ಲೇಔಟಿನ ಇಬ್ಬರು ಹುಡುಗರು ದೊಡ್ಡ ಜೀಪು ನಿಲ್ಲಿಸಿಕೊಂಡಿದ್ದರು. ಅವರ ಹತ್ತಿರ ಫ್ರಿಜ್ಜೂ ಇತ್ತು, ಫ್ಯಾನೂ ಇತ್ತು. ಇಲ್ಲದಿದ್ದದ್ದು ತಿಂಡಿ. ಗಾಳಿಗೆ ಒಲೆ ಹತ್ತುತ್ತಿರಲಿಲ್ಲ. ಹಿಂದಿನ ದಿನದ ಪಾತ್ರೆಗಳ ರಾಶಿಯನ್ನು ಇರುವೆಗಳಿಗೆ ಬಿಟ್ಟುಕೊಟ್ಟು, ನೀನು ತೊಳಿ ನೀನು ತೊಳಿ ಅಂತ ಇಬ್ಬರೂ ಮಾತು ಬಿಟ್ಟಿದ್ದರು.

ಅತ್ತೆ ಇಬ್ಬರನ್ನೂ ಕರೆದರು. ಒಲೆಯನ್ನೇ ಹಚ್ಚಲಿಲ್ಲ. ಬೇಯಿಸಿದ ಅನ್ನ ಮುಸುರೆ, ಮುಟ್ಟಿದಾಗೆಲ್ಲ ಕೈ ತೊಳೆಯಬೇಕು, ಅದನ್ನು ಪ್ರಯಾಣದಲ್ಲಿ ಒಯ್ಯಬಾರದು ಅನ್ನುವುದು ಅವರ ಕಾಲದ ಕಟ್ಟಳೆ. ಹಾಗಾಗಿ ಅವರ ಗಂಟಿನಲ್ಲಿ ಇದ್ದದ್ದೆಲ್ಲ ಗೊಜ್ಜವಲಕ್ಕಿ, ಕೋಡುಬಳೆ, ಹುರಿಹಿಟ್ಟಿನ ಉಂಡೆ. ಮುತ್ತುಗದ ಎಲೆಯ ಮೇಲೆ ಬಡಿಸಿದರು. ತಿಂದಾದ ಮೇಲೆ ಎಲೆಗಳನ್ನು ಮರದ ಬುಡದಲ್ಲಿ ಮಣ್ಣು ಮುಚ್ಚಿದರು. ತೊಳೆಯಲು ಒಂದು ಚಮಚವೂ ಉಳಿಯಲಿಲ್ಲ. ಕೈ ತೊಳೆದ ನೀರೂ ಒಂದು ಮಾವಿನ ಸಸಿಗೆ ಹೋಯಿತು.

ಒಬ್ಬ ಹುಡುಗ ಇನ್ನೊಬ್ಬನಿಗೆ "ಮಗಾ, ಅಜ್ಜಿ ಸಿಸ್ಟಮ್ ನೋಡು. ಸಖತ್ ಗುರು!" ಅಂದ. ಅಷ್ಟರಲ್ಲಿ ಅವರಿಬ್ಬರಿಗೂ ಮಾತು ಬಂದಿತ್ತು. ಆಮೇಲೆ ಅತ್ತೆಯ ಕಡೆ ತಿರುಗಿ, ತುಂಬ ಭಕ್ತಿಯಿಂದ ಕೇಳಿದ. "ಅಜ್ಜಿ, ನೀವು ಎಷ್ಟು ವರ್ಷದಿಂದ ಕ್ಯಾಂಪಿಂಗ್ ಮಾಡ್ತಿದೀರಾ?"

ಅತ್ತೆ ಅಡಿಕೆ ಪುಡಿ ಬಾಯಿಗೆ ಹಾಕಿಕೊಂಡು ಲೆಕ್ಕ ಹಾಕಿದರು. "ಮದುವೆಯಾದಾಗಿಂದ."

ಹುಡುಗರು ನಕ್ಕರು. ಅತ್ತೆ ತಮಾಷೆ ಮಾಡಿರಲಿಲ್ಲ. "ಬಸವನಗುಡೀಲಿ ಒಂದು ವಠಾರ. ಒಂದೂವರೆ ಕೋಣೆ, ಹನ್ನೊಂದು ಜನ. ನಲ್ಲೀಲಿ ನೀರು ಒಂದು ಗಂಟೆ ಬರ್ತಿತ್ತು. ನನಗೆ ಎರಡು ಚೊಂಬು. ಅಡಿಗೆಮನೇಲೇ ಹಾಸಿಗೆ. ಬೆಳಕು ಹರಿಯೋದ್ರೊಳಗೆ ಹಾಸಿಗೆ ಸುತ್ತಿಟ್ಟು ಒಲೆ ಹಚ್ಚಬೇಕು. ಹತ್ತು ವರ್ಷದಲ್ಲಿ ಏಳು ಮನೆ ಬದಲಾಯಿಸಿದ್ವಿ, ಎಲ್ಲಾ ಒಂದೇ ಟ್ರಂಕಲ್ಲಿ. ಇದೇ ಕ್ಯಾಂಪಿಂಗು ಕಣಪ್ಪ. ಗಾಡಿ ಒಂದಿರ್ಲಿಲ್ಲ, ಅಷ್ಟೇ."

ಮೂವತ್ತು ವರ್ಷ ಆ ಮಡಿಯನ್ನು ಬರೀ ಕಾಟ ಅಂದುಕೊಂಡಿದ್ದೆ. ಆ ತೋಪಿನಲ್ಲಿ ಕೂತು ಆ ಪುಟ್ಟ ಹೆಂಗಸನ್ನು ಮತ್ತೊಮ್ಮೆ ನೋಡಿದೆ. ಹನ್ನೊಂದು ಜನರ ಮಧ್ಯೆ, ಯಾರೂ ಬಂದು ಮುಟ್ಟದ ಒಂದು ಮೊಳ ಜಾಗವನ್ನು ಅವರು ಅದರಿಂದಲೇ ಸಂಪಾದಿಸಿಕೊಂಡಿರಬೇಕು. ಎರಡು ದಿನಕ್ಕೆ ಅಂತ ಹೋದವರು ಮೂರನೇ ದಿನ ವಾಪಸು ಬಂದೆವು, ಅದೂ ಬಿಂದಿಗೆ ಖಾಲಿಯಾಯಿತು ಅಂತ.

ಟೆಸ್ಟ್ ಡ್ರೈವ್

ಅತ್ತೆ ಗಾಡಿ ಇರಲಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಪಕ್ಕದ ಹಳೇ ಮನೆ ಕೆಡವಿ ಫ್ಲ್ಯಾಟು ಕಟ್ಟುತ್ತಿದ್ದರಿಂದ ಮನೆ ತುಂಬ ಧೂಳು, ಸದ್ದು. ಅದಕ್ಕೆ ಅವರು ಬೆಳಗಿನ ಜಪವನ್ನು ಕಿಟಕಿ ಮುಚ್ಚಿದ ವ್ಯಾನಿಗೇ ಸಾಗಿಸಿದ್ದರು. ಅವರ ಸೀರೆ ಒಣಗುವುದೂ ಅಲ್ಲೇ. ಇಷ್ಟರಲ್ಲಿ ನಾನು ತಮ್ಮನಿಗೆ ಫೋನು ಮಾಡಿದ್ದನ್ನೇ ಮರೆತಿದ್ದೆ. ಅವನು ಮರೆತಿರಲಿಲ್ಲ. ನಾವು ತೋಪಿನಿಂದ ಬಂದ ಮೇಲಿನ ಎರಡನೇ ಭಾನುವಾರ ಬೆಳಗ್ಗೆ ಬಂದು ನಿಂತ. ಯಜಮಾನರು ಕೀ ಹಿಡಿದುಕೊಂಡು ಗೇಟಿಗೆ ಬಂದರು. ಮತ್ತೆ ಅದೇ ಆಫೀಸಿನ ಮುಖ.

ತಮ್ಮ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಒಳಗಿಂದ ಅತ್ತೆಯ ದನಿ ಬಂತು. "ಮುಟ್ಟಬೇಡಪ್ಪ. ಗಾಡಿ ಮಡೀಲಿದೆ."

"ಅಮ್ಮ, ಬರೀ ಸ್ಟೇರಿಂಗ್ ಹಿಡ್ಕೊಂಡು ಒಂದು ರೌಂಡ್ ಹೋಗ್ಬರ್ತೀನಿ."

"ಅದಕ್ಕೇನು, ತಣ್ಣೀರಲ್ಲಿ ಸ್ನಾನ ಮಾಡ್ಕೊಂಡು ಒದ್ದೆ ಪಂಚೇಲಿ ಬಾ."

"ಒದ್ದೆ ಪಂಚೇಲಿ ಟೆಸ್ಟ್ ಡ್ರೈವಾ?" ತಮ್ಮ ತನ್ನ ಜೀನ್ಸ್ ನೋಡಿಕೊಂಡ. "ಹೋಗ್ಲಿ, ಇಂಜಿನ್ನಾದ್ರೂ ನೋಡ್ತೀನಿ."

"ಇಂಜಿನ್ನೇನು ಪಕ್ಕದ ಮನೇದೇನಪ್ಪ?"

ಅವನು ನನ್ನ ಕಡೆ ತಿರುಗಿದ. "ಅಕ್ಕಾ, ಕರೆದೋಳು ನೀನು. ನೀನೇ ಒಂದು ಮಾತು ಹೇಳು."

ನಾನು ಹೇಳಿದ್ದರೆ ಅತ್ತೆ ಇಳಿದುಬಿಡುತ್ತಿದ್ದರು, ಅವರು ಅಂಥವರೇ. ಯಜಮಾನರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕೀಯನ್ನೇ ನೋಡುತ್ತಿದ್ದರು. ನನಗೆ ಆ ಡಬ್ಬ ನೆನಪಾಯಿತು, ಬನಶಂಕರಿ ಸಿಗ್ನಲ್ಲು ನೆನಪಾಯಿತು. ಒಂದು ಟ್ರಂಕು, ಏಳು ಮನೆಯೂ ನೆನಪಾಯಿತು.

"ಒಳಗೆ ಬಂದು ಕಾಫಿ ಕುಡ್ಕೊಂಡು ಹೋಗೋ. ಗಾಡಿ ಮಡೀಲಿದೆ" ಅಂದೆ.

ಯಜಮಾನರು ತಲೆ ಎತ್ತಿದರು. ನಾನು ಏನೂ ಆಗದವಳ ಹಾಗೆ ಹೋಗಿ ವ್ಯಾನಿನ ಬಾಗಿಲು ತೆಗೆದೆ.

"ಅಮ್ಮಾ! ನೋಡಿ, ಅಕ್ಕ ಮುಟ್ಟಿದ್ಲು! ಅವಳು ಮುಟ್ಬಹುದಾ?" ಅಂತ ತಮ್ಮ ಕೂಗಿದ.

ಅತ್ತೆ ಜಪದಿಂದ ಕಣ್ಣನ್ನೂ ತೆರೆಯಲಿಲ್ಲ. "ಅವಳ ಸ್ನಾನ ಬೆಳಗ್ಗೇನೇ ಆಯ್ತಪ್ಪ. ಎರಡೇ ಚೊಂಬು. ನಾನೇ ಎಣಿಸ್ದೆ."