ಹೆಸರು ಹೊಡೆದರೆ ಬತ್ತದೆ

ನಮ್ಮನೆಯವಳಿಗೆ ಗುಡಿಸೋ ಚಟ. ಅಡುಗೆಮನೆ, ಜಗಲಿ, ನನ್ನ ಜೇಬು (ಇದರ ಬಗ್ಗೆ ಹೆಚ್ಚು ಹೇಳಲಾರೆ) ಎಲ್ಲ ಗುಡಿಸಿ ಮುಗಿದ ಮೇಲೆ, ಹೋದ ಭಾನುವಾರ ಕಂಪ್ಯೂಟರಿನ ಪರದೆಯನ್ನೂ ಗುಡಿಸಿಬಿಟ್ಟಳು.

ಪರದೆ ಮೇಲೆ ಗಗನಚುಕ್ಕಿ ಜಲಪಾತದ ಫೋಟೋ ಇದೆ. ಅದರ ತುಂಬ ನನ್ನ ಐಕಾನುಗಳು ಹರಡಿಕೊಂಡಿದ್ದವು. ನೀರು ಧುಮುಕೋ ಜಾಗದಲ್ಲಿ ಮೀಟಿಂಗು, ಎಡಗಡೆ ಬಂಡೆ ಮೇಲೆ ಅಂಕಪಟ್ಟಿ, ಪೊದೆಯೊಳಗೆ ಪ್ರಿಂಟರು. ಒಂದರ ಹೆಸರೂ ನನಗೆ ಗೊತ್ತಿಲ್ಲ, ಜಾಗ ಗೊತ್ತು. ಮಳವಳ್ಳಿಯ ಒಬ್ಬ ಹೆಡ್‌ಮಾಸ್ಟರಿಗೆ ಅಷ್ಟು ವಿದ್ಯೆ ಸಾಕು ಅಂದುಕೊಂಡಿದ್ದೆ. ಸೋಮವಾರ ನೋಡಿದರೆ ಬರೀ ನೀರು.

ಬೇಸಿಗೆ ರಜೆ ಅಂತ ಮನೆಯಲ್ಲಿದ್ದರೂ ಬಿಡುಗಡೆ ಇಲ್ಲ. ಹನ್ನೊಂದಕ್ಕೆ ತಾಲ್ಲೂಕು ಶಿಕ್ಷಣಾಧಿಕಾರಿ ಸಾಹೇಬರ ಆನ್‌ಲೈನ್ ಸಭೆ. ಹಾಜರಿ ಕೂಗುವಾಗ ಇಲ್ಲದವರಿಗೆ ನೋಟಿಸು. ನನಗೆ ಆಗಲೇ ಒಂದು ಬಂದಿತ್ತು, ಇನ್ನೊಂದು ಬಂದರೆ ಯಾವ ಮೂಲೆಗೆ ಎತ್ತಿಹಾಕುತ್ತಾರೋ.

"ಇವ್ಳೇ, ಮೀಟಿಂಗ್ ಎಲ್ಲಿ ಮಡಗ್ದೆ?" ಅಂದೆ.

ಅವಳು ಸೊಪ್ಪು ಸೋಸುತ್ತಾ, "ಕೆಳಗೆ ಸರ್ಚ್ ಅಂತ ಅದಲ್ಲ, ಅಲ್ಲಿ ಹೆಸರು ಹೊಡೀರಿ, ಬತ್ತದೆ," ಅಂದಳು.

'ಮೀಟಿಂಗ್' ಅಂತ ಹೊಡೆದೆ. ಹಳೇ ಸಭೆಗಳ ನಡಾವಳಿಯೆಲ್ಲ ಮೆರವಣಿಗೆ ಹೊರಟಿತು. 'ಸಾಹೇಬರು' ಅಂತ ಹೊಡೆದೆ, ಯಾರೂ ಬರಲಿಲ್ಲ. ಬೇಸತ್ತು ಒಂದೇ ಅಕ್ಷರ ಹೊಡೆದು ಎಂಟರ್ ಒತ್ತಿದೆ, ಕ್ಯಾಲ್ಕುಲೇಟರ್ ಎದ್ದು ಕೂತಿತು. ಮತ್ತೆ ಅದನ್ನೇ ಹೊಡೆದೆ, ಅದರ ತಮ್ಮನೂ ಬಂದ.

ಹನ್ನೊಂದಾಗುತ್ತಾ ಬಂತು. ಇವ್ಳೇ ಅಂದೆ, ಲೇ ಅಂದೆ, ಕೊನೆಗೆ ಕೆಮ್ಮಿದೆ. ಅವಳು ಅಲ್ಲಾಡಲಿಲ್ಲ. ಮದುವೆಯಾದಾಗಿನಿಂದ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ, ಅವಳೂ ನನ್ನ ಹೆಸರು ಬಾಯಲ್ಲಿ ತಂದವಳಲ್ಲ. ಜನಗಣತಿಯವರು ಬಂದು ಗಂಡನ ಹೆಸರು ಕೇಳಿದರೂ ಬಾಗಿಲ ಮೇಲಿನ ಬೋರ್ಡು ತೋರಿಸಿದ್ದಳು.

"ಅದ್ಕೂ ಒಂದು ಹೆಸ್ರದೆ, ನಂಗೂ ಒಂದು ಹೆಸ್ರದೆ," ಅಂದಳು, ಸೊಪ್ಪಿನಿಂದ ತಲೆ ಎತ್ತದೆ.

ಸುಳ್ಳು ಯಾಕೆ, ನಾಚಿಕೆ ಆಯಿತು. ಪಕ್ಕದ ಮನೆಯವರಿಗೆ ಕೇಳಿಸದಂತೆ ಕಿಟಕಿ ಮುಚ್ಚಿ ಬಂದು, "ಕುಸುಮಾ," ಅಂದೆ.

ಬಂದಳು. ಎರಡಕ್ಷರ ಹೊಡೆದಳು. ಪರದೆ ಮೇಲೆ ಸಾಹೇಬರು ಪ್ರತ್ಯಕ್ಷರಾಗಿ "ಚಲುವರಾಜು" ಎಂದು ಹಾಜರಿ ಕೂಗಿದರು. "ಇದ್ದೀನಿ ಸಾರ್," ಅಂದೆ. ನೋಟಿಸು ತಪ್ಪಿತು. ಅವಳು ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದಳು, ನಾನು ಸುಸ್ತಾಗಿ ಕುರ್ಚಿಗೆ ಒರಗಿದೆ.

ಸಾಹೇಬರು ಫಲಿತಾಂಶದ ಬಗ್ಗೆ ಕೊರೆಯುತ್ತಿದ್ದರು. ನನಗೆ ಜೊಂಪು ಹತ್ತಿತ್ತು.

"ಚಲುವರಾಜು."

ದಡಬಡಿಸಿ ಎದ್ದು ನಿಂತು, "ಸಾರ್," ಅಂದೆ.

"ಹಾಲು ಉಕ್ಕೋ ಹೊತ್ತಾಯ್ತು, ಒಲೆ ಆರ್ಸಿ."

ಕರೆ ಬಂದದ್ದು ಹಿತ್ತಲಿನಿಂದ. ಮೈಕು ಮುಚ್ಚೋದು ಹೇಗೆ ಅಂತ ನಾನು ಕೇಳಿಕೊಂಡಿರಲಿಲ್ಲ. ತಾಲ್ಲೂಕಿನ ಹೆಡ್‌ಮಾಸ್ಟರುಗಳೆಲ್ಲ ಪರದೆಯಿಂದ ನನ್ನನ್ನೇ ನೋಡುತ್ತಿದ್ದರು. ಸಾಹೇಬರು ಭಾಷಣ ನಿಲ್ಲಿಸಿ, "ಹೋಗಿ ಬನ್ನಿ ಮೇಷ್ಟ್ರೇ," ಅಂದರು.

ಹೋದೆ. ಆವತ್ತಿನಿಂದ ಹೋಗುತ್ತಲೇ ಇದ್ದೇನೆ. ಕಂಪ್ಯೂಟರಿನೊಳಗಿನವು ಈಗಲೂ ಮನಸ್ಸು ಬಂದರೆ ಬರುತ್ತವೆ, ಇಲ್ಲದಿದ್ದರೆ ಇಲ್ಲ. ಈ ಮನೆಯಲ್ಲಿ ಹೆಸರು ಕೂಗಿದ ತಕ್ಷಣ ಎದ್ದು ಓಡೋದು ನಾನೊಬ್ಬನೇ.